ಫರ್ನಾಂಡೊ ವಲೆನ್ಸುವೆಲಾ: ಲಾಸ್ ಏಂಜಲೀಸ್‌ನ ಗ್ಯಾಲರಿಯನ್ನೇ ಬದಲಿಸಿದ ಎಡಗೈ ಎಸೆತಗಾರ

ಅಮೆರಿಕದ ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಪರವಾಗಿ 1980ರಿಂದ 1990ರವರೆಗೆ ಆಡಿದ ಫರ್ನಾಂಡೊ ವಲೆನ್ಸುವೆಲಾ (1960–2024) ಮೆಕ್ಸಿಕೊದಿಂದ ವಲಸೆ ಬಂದ ಎಡಗೈ ಪಿಚರ್. ಇಪ್ಪತ್ತರ ಹರೆಯದಲ್ಲಿ, ಇಂಗ್ಲಿಷಿನ ಗಂಧವೂ ಇಲ್ಲದೆ ಅಮೆರಿಕದ ಅತಿ ದೊಡ್ಡ ಕ್ರೀಡಾ ವೇದಿಕೆಯೊಂದನ್ನು ಏರಿದ ಈ ರೈತನ ಮಗ 1981ರ ಒಂದೇ ಋತುವಿನಲ್ಲಿ ಗಳಿಸಿದ ಜನಪ್ರಿಯತೆಗೆ ಅಲ್ಲಿನ ಪತ್ರಿಕೆಗಳು ‘ಫರ್ನಾಂಡೊಮೇನಿಯಾ’ ಎಂದು ಹೆಸರಿಟ್ಟವು. ಆ ಹುಚ್ಚು ಕೆಲವು ತಿಂಗಳಲ್ಲಿ ಇಳಿಯಿತಾದರೂ ಅದು ಕ್ರೀಡಾಂಗಣಕ್ಕೆ ಕರೆತಂದ ಜನ ಮರಳಿ ಹೋಗಲಿಲ್ಲ. ಡಾಡ್ಜರ್ಸ್ ತಂಡದ ಅಭಿಮಾನಿ ಬಳಗದಲ್ಲಿ ಇಂದು ಲ್ಯಾಟಿನೊ ಸಮುದಾಯಕ್ಕಿರುವ ಸ್ಥಾನದ ಬೇರು ಹುಡುಕಹೊರಟರೆ ಬಹುಪಾಲು ಈ ಒಬ್ಬ ಆಟಗಾರನ ಬಳಿಗೇ ಬಂದು ನಿಲ್ಲಬೇಕಾಗುತ್ತದೆ.

ಬೇಸ್‌ಬಾಲ್ ಕನ್ನಡದ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲದ ಕಾರಣ ಎರಡು ಮಾತು ಅಗತ್ಯ. ಕ್ರಿಕೆಟ್‌ನ ಬೌಲರ್‌ಗೆ ಸಮಾನನಾದವನು ಇಲ್ಲಿ ಪಿಚರ್. ಆತ 60 ಅಡಿ 6 ಅಂಗುಲ ದೂರದಿಂದ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾನೆ. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಓವರ್ ಮುಗಿದೊಡನೆ ಬೌಲರ್ ಬದಲಾಗುವ ಪದ್ಧತಿ ಇಲ್ಲಿಲ್ಲ. ಸಾಮರ್ಥ್ಯವಿದ್ದರೆ ಒಬ್ಬನೇ ಪಿಚರ್ ಇಡೀ ಪಂದ್ಯ ಎಸೆಯಬಹುದು. ಹಾಗೆ ಎಸೆದವನು ನಾಲ್ಕಾರು ದಿನ ವಿಶ್ರಾಂತಿ ಪಡೆದು ಮತ್ತೆ ಕಣಕ್ಕಿಳಿಯುತ್ತಾನೆ. ಹೀಗಾಗಿ ಇಂಥ ಪಿಚರ್ ಎಸೆಯುವ ದಿನ ಯಾವುದೆಂದು ಅಭಿಮಾನಿಗಳಿಗೆ ಮೊದಲೇ ತಿಳಿದಿರುತ್ತದೆ. ಹಬ್ಬದ ದಿನವನ್ನು ಎದುರುನೋಡುವಂತೆ ಆ ದಿನವನ್ನು ಎದುರುನೋಡಲು ಅವಕಾಶವಿರುತ್ತದೆ. ವಲೆನ್ಸುವೆಲಾ ವಿಷಯದಲ್ಲಿ ಆದದ್ದು ಅಕ್ಷರಶಃ ಇದೇ.

ಕ್ರೀಡಾಂಗಣದ ಕೆಳಗಿನ ನೆಲ

ವಲೆನ್ಸುವೆಲಾ ಮೂಡಿಸಿದ ಪ್ರಭಾವದ ತೂಕ ತಿಳಿಯಬೇಕಾದರೆ ಡಾಡ್ಜರ್ ಕ್ರೀಡಾಂಗಣ ನಿಂತಿರುವ ನೆಲದ ಕಥೆಯನ್ನು ಮೊದಲು ತಿಳಿಯಬೇಕು. ಲಾಸ್ ಏಂಜಲೀಸ್ ನಗರದ ನಡುಭಾಗಕ್ಕೆ ಅತಿ ಸಮೀಪದ ಗುಡ್ಡಗಾಡು ಪ್ರದೇಶ ಚಾವೆಜ್ ರವೀನ್. 20ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಪಾಲೊ ವೆರ್ದೆ, ಲಾ ಲೋಮಾ, ಬಿಷಪ್ ಎಂಬ ಮೂರು ಬಡಾವಣೆಗಳಿದ್ದವು. ಹೆಚ್ಚಿನವರು ಮೆಕ್ಸಿಕೊ ಮೂಲದ ದುಡಿಯುವ ವರ್ಗದ ಜನ. ನಗರದ ಬೇರೆಡೆ ಮನೆ ಕೊಳ್ಳಲು ಅವರಿಗೆ ನಾನಾ ಅಡ್ಡಿಗಳಿದ್ದ ಕಾಲವದು. ರಸ್ತೆ, ಚರಂಡಿಗಳ ಸೌಕರ್ಯ ಕಡಿಮೆಯಿದ್ದರೂ ಸ್ವಂತ ಮನೆ, ಹಿತ್ತಿಲು, ಚರ್ಚು, ಶಾಲೆ ಎಲ್ಲವೂ ಇದ್ದ ಊರಿನಂಥ ಊರು ಅದು.

1950ರ ಜುಲೈಯಲ್ಲಿ ನಗರದ ವಸತಿ ಪ್ರಾಧಿಕಾರದಿಂದ ಅಲ್ಲಿನ ಮನೆಗಳಿಗೆ ಪತ್ರ ಬಂತು. ಸರ್ಕಾರಿ ವಸತಿ ಸಮುಚ್ಚಯ ನಿರ್ಮಿಸಲು ಜಾಗ ಬೇಕಾಗಿದೆ, ಮನೆ ಮಾರಿ ತೆರವು ಮಾಡಬೇಕು, ಹೊಸ ಮನೆಗಳು ಸಿದ್ಧವಾದಾಗ ನಿಮಗೇ ಮೊದಲ ಆದ್ಯತೆ ಎಂಬುದು ಅದರ ಸಾರಾಂಶ. ಖ್ಯಾತ ವಾಸ್ತುಶಿಲ್ಪಿ ರಿಚರ್ಡ್ ನಾಯ್ಟ್ರಾ ಅವರಿಂದ ವಿನ್ಯಾಸವೂ ಸಿದ್ಧವಾಯಿತು. ಹೆಚ್ಚಿನ ಕುಟುಂಬಗಳು ಸಿಕ್ಕ ಬೆಲೆಗೆ ಮನೆ ಬಿಟ್ಟು ಹೊರಟವು. ಆದರೆ ಅದು ಅಮೆರಿಕದಲ್ಲಿ ಕಮ್ಯುನಿಸ್ಟ್ ವಿರೋಧಿ ಭಾವನೆ ತಾರಕಕ್ಕೇರಿದ್ದ ಕಾಲ. ಸರ್ಕಾರಿ ವಸತಿ ಯೋಜನೆಯೆಂದರೆ ಸಮಾಜವಾದ ಎಂಬ ಕೂಗೆದ್ದಿತು. 1953ರಲ್ಲಿ ಆ ಯೋಜನೆಯನ್ನು ವಿರೋಧಿಸಿಯೇ ಗೆದ್ದ ಮೇಯರ್ ನಾರಿಸ್ ಪೌಲ್ಸನ್ ಅದನ್ನು ಕೈಬಿಟ್ಟರು. ಮನೆಗಳು ಹೋದವು, ಹೊಸ ಮನೆಗಳು ಬರಲಿಲ್ಲ.

ಇತ್ತ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಡಾಡ್ಜರ್ಸ್ ತಂಡದ ಒಡೆಯ ವಾಲ್ಟರ್ ಓಮ್ಯಾಲಿ ಹೊಸ ಕ್ರೀಡಾಂಗಣಕ್ಕಾಗಿ ಜಾಗ ಹುಡುಕುತ್ತಿದ್ದರು. 1957ರಲ್ಲಿ ಲಾಸ್ ಏಂಜಲೀಸ್ ನಗರಾಡಳಿತ ಆ ಗುಡ್ಡವನ್ನೇ ಮುಂದಿಟ್ಟಿತು. ಒಪ್ಪಂದವನ್ನು 1958ರ ಜೂನ್‌ನಲ್ಲಿ ಮತದಾರರ ಮುಂದೆ ಇಟ್ಟಾಗ ಅಲ್ಪ ಅಂತರದಿಂದ ಅನುಮೋದನೆ ದೊರೆಯಿತು. 1959ರ ಮೇ 8ರಂದು ಕೊನೆಯದಾಗಿ ಉಳಿದಿದ್ದ ಕುಟುಂಬಗಳನ್ನು ಪೊಲೀಸರು ಬಲವಂತವಾಗಿ ಹೊರಹಾಕಿದರು. ಮಹಿಳೆಯೊಬ್ಬರನ್ನು ಕೈಕಾಲು ಹಿಡಿದು ಮನೆಯಿಂದ ಎತ್ತಿ ತರುತ್ತಿರುವ ಛಾಯಾಚಿತ್ರ ಪತ್ರಿಕೆಗಳಲ್ಲಿ ಪ್ರಕಟವಾಯಿತು, ದೂರದರ್ಶನದಲ್ಲೂ ಜನ ಅದನ್ನು ಕಂಡರು. 1962ರ ಏಪ್ರಿಲ್ 10ರಂದು ಅದೇ ಗುಡ್ಡದ ಮೇಲೆ 56 ಸಾವಿರ ಆಸನಗಳ ಹೊಸ ಕ್ರೀಡಾಂಗಣ ಬಾಗಿಲು ತೆರೆಯಿತು.

ಮನೆಗಳನ್ನು ತೆಗೆಸಿದ ನಿರ್ಧಾರ ಡಾಡ್ಜರ್ಸ್ ತಂಡದ್ದಾಗಿರಲಿಲ್ಲ, ಅದು ನಗರಾಡಳಿತದ್ದು. ಬಹುತೇಕ ಮನೆಗಳು ತಂಡ ಬರುವ ಮುನ್ನವೇ ನೆಲಸಮವಾಗಿದ್ದವು. ಆದರೆ ಮನೆ ಕಳೆದುಕೊಂಡವರ ನೆನಪಿನಲ್ಲಿ ಇಂಥ ಸೂಕ್ಷ್ಮ ಭೇದಗಳಿಗೆ ಎಡೆಯಿರುವುದಿಲ್ಲ. ತಮ್ಮ ಅಂಗಳವಿದ್ದ ಕಡೆ ವಾಹನ ನಿಲುಗಡೆ ಪ್ರದೇಶವನ್ನು ಕಂಡವರು ಹಲವರು, ಆ ಕ್ರೀಡಾಂಗಣಕ್ಕೆ ಕಾಲಿಡುವುದಿಲ್ಲವೆಂದು ನಿಶ್ಚಯಿಸಿದವರೂ ಇದ್ದರು. ನಗರದ ಪೂರ್ವಭಾಗದ ಮೆಕ್ಸಿಕನ್ ಕೇರಿಗಳಿಂದ ಕ್ರೀಡಾಂಗಣ ಕೆಲವೇ ಮೈಲಿ. ಆದರೂ ಆ ಜನಕ್ಕೂ ತಂಡಕ್ಕೂ ನಡುವಿನ ಅಂತರ ಎರಡು ದಶಕ ಹಾಗೆಯೇ ಉಳಿಯಿತು. ಆ ವೇಳೆಗೆ ನಗರದ ಜನಸಂಖ್ಯೆಯಲ್ಲಿ ಲ್ಯಾಟಿನೊಗಳ ಪಾಲು ಕಾಲುಭಾಗವನ್ನು ದಾಟಿತ್ತು. ಮೆಕ್ಸಿಕೊ ಮೂಲದ ಒಬ್ಬ ತಾರೆ ಸಿಕ್ಕಿದರೆ ಎಂಬುದು ಓಮ್ಯಾಲಿ ಅವರ ಬಹುಕಾಲದ ಬಯಕೆಯಾಗಿತ್ತು. ಅದರಲ್ಲಿ ವ್ಯಾಪಾರದ ಲೆಕ್ಕಾಚಾರವಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಬಯಕೆ ಈಡೇರುವ ಮುನ್ನವೇ, 1979ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

ಸೊನೋರಾದ ಹುಡುಗ

ಮೆಕ್ಸಿಕೊದ ವಾಯವ್ಯ ಭಾಗದ ಸೊನೋರಾ ರಾಜ್ಯದಲ್ಲಿ ನವೊಹೋವಾ ಪಟ್ಟಣದ ಬಳಿ ಎಚೋವಾಕೀಲಾ ಎಂಬ ಪುಟ್ಟ ಹಳ್ಳಿ. 1960ರ ನವೆಂಬರ್ 1ರಂದು ಅಲ್ಲಿ ಜನಿಸಿದ ಫರ್ನಾಂಡೊ, ರೈತ ದಂಪತಿಯ ಹನ್ನೆರಡು ಮಕ್ಕಳಲ್ಲಿ ಕಿರಿಯ. ಅಣ್ಣಂದಿರೆಲ್ಲ ಊರಿನ ತಂಡದಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. ಕೂಸಿದ್ದಾಗಿನಿಂದ ಅದನ್ನೇ ನೋಡಿ ಬೆಳೆದ ಹುಡುಗ ಹದಿಹರೆಯದಲ್ಲೇ ಮನೆ ಬಿಟ್ಟು ಮೆಕ್ಸಿಕೊದ ವೃತ್ತಿಪರ ತಂಡಗಳಿಗೆ ಆಡತೊಡಗಿದ.

ಡಾಡ್ಜರ್ಸ್ ತಂಡಕ್ಕಾಗಿ ಪ್ರತಿಭಾನ್ವೇಷಣೆ ನಡೆಸುತ್ತಿದ್ದವರು ಕ್ಯೂಬಾ ಮೂಲದ ಮೈಕ್ ಬ್ರಿಟೊ. ಅವರು ಮೆಕ್ಸಿಕೊದ ಸಿಲಾವೊ ಎಂಬಲ್ಲಿಗೆ ಹೋದದ್ದು ಬೇರೊಬ್ಬ ಆಟಗಾರನನ್ನು ನೋಡಲು. ಎದುರು ತಂಡದ ದಪ್ಪ ಮೈಯ ಎಡಗೈ ಹುಡುಗ ಆ ಆಟಗಾರನನ್ನೇ ಔಟ್ ಮಾಡಿದ. ಬ್ರಿಟೊ ಅವರ ಗಮನ ಅಲ್ಲಿಂದ ಮುಂದೆ ಹುಡುಗನ ಮೇಲೆಯೇ ನೆಟ್ಟಿತು. 1979ರ ಜುಲೈಯಲ್ಲಿ 1,20,000 ಡಾಲರ್ ಕೊಟ್ಟು ಡಾಡ್ಜರ್ಸ್ ಆತನ ಒಪ್ಪಂದವನ್ನು ಖರೀದಿಸಿತು. ಆಗ ಆತನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ.

ವೇಗ ಸಾಲದೆಂಬುದು ತಂಡದವರ ಅಳುಕು. ಆದ್ದರಿಂದ ಇನ್ನೊಂದು ಅಸ್ತ್ರ ಬೇಕೆಂದು ತಂಡದ ಪಿಚರ್ ಬಾಬಿ ಕ್ಯಾಸ್ಟಿಯೊ ಅವರಿಂದ ‘ಸ್ಕ್ರೂಬಾಲ್’ ಎಂಬ ಎಸೆತವನ್ನು ಕಲಿಸಲಾಯಿತು. ಕ್ಯಾಸ್ಟಿಯೊ ಲಾಸ್ ಏಂಜಲೀಸ್‌ನ ಪೂರ್ವಭಾಗದಲ್ಲೇ ಬೆಳೆದ ಮೆಕ್ಸಿಕನ್ ಅಮೆರಿಕನ್. ಎಡಗೈ ಪಿಚರ್‌ನ ಮಾಮೂಲಿ ತಿರುವಿನ ಚೆಂಡು ಬಲಗೈ ಬ್ಯಾಟರ್‌ನತ್ತ ಒಳಕ್ಕೆ ಬಾಗುತ್ತದೆ. ಸ್ಕ್ರೂಬಾಲ್ ಇದಕ್ಕೆ ತದ್ವಿರುದ್ಧವಾಗಿ ಆತನಿಂದ ಹೊರಕ್ಕೆ ಸರಿಯುತ್ತ ಕೆಳಗಿಳಿಯುತ್ತದೆ. ಕ್ರಿಕೆಟ್‌ನ ಗೂಗ್ಲಿಯಂತೆ ನಿರೀಕ್ಷೆಯ ವಿರುದ್ಧ ದಿಕ್ಕಿಗೆ ಹೋಗುವುದೇ ಅದರ ಗುಣ. ವ್ಯತ್ಯಾಸವೆಂದರೆ ಇಲ್ಲಿ ಎಲ್ಲವೂ ಗಾಳಿಯಲ್ಲೇ ನಡೆಯಬೇಕು. ಚೆಂಡು ಬಿಡುವಾಗ ಮಣಿಕಟ್ಟನ್ನು ಸಹಜಕ್ಕೆ ವಿರುದ್ಧವಾಗಿ ತಿರುಗಿಸಬೇಕಾದ್ದರಿಂದ ತೋಳಿಗೆ ಹಾನಿ ಎಂದು ಅದನ್ನು ಕಲಿಯಲು ಅನೇಕರು ಹಿಂಜರಿಯುತ್ತಾರೆ. ಫರ್ನಾಂಡೊ ಅದನ್ನು ಒಂದೇ ವರ್ಷದಲ್ಲಿ ಕರಗತ ಮಾಡಿಕೊಂಡು, ಎರಡು ಬೇರೆ ಬೇರೆ ವೇಗಗಳಲ್ಲಿ ಎಸೆಯತೊಡಗಿದರು. 1980ರ ಸೆಪ್ಟೆಂಬರಿನಲ್ಲಿ ಮುಖ್ಯ ತಂಡಕ್ಕೆ ಕರೆ ಬಂತು. ಹತ್ತು ಪಂದ್ಯಗಳಲ್ಲಿ ಬದಲಿ ಪಿಚರ್ ಆಗಿ ಬಂದು 17 ಇನಿಂಗ್ಸ್‌ಗೂ ಹೆಚ್ಚು ಎಸೆದರೂ ಅವರ ಖಾತೆಗೆ ಸೇರುವಂಥ ಒಂದು ರನ್ನೂ ಎದುರಾಳಿಗಳಿಗೆ ದಕ್ಕಲಿಲ್ಲ.

1981ರ ವಸಂತ

ಏಪ್ರಿಲ್ 9, 1981. ಋತುವಿನ ಮೊದಲ ಪಂದ್ಯದಲ್ಲಿ ಎಸೆಯಬೇಕಿದ್ದ ಅನುಭವಿ ಜೆರ್ರಿ ರೂಸ್ ಗಾಯಗೊಂಡಿದ್ದರು. ಅವರ ಬದಲಿಗೆ ಬರಬೇಕಿದ್ದವರೂ ಸಿದ್ಧರಿರಲಿಲ್ಲ. ಮುಖ್ಯ ತಂಡದಲ್ಲಿ ಪಂದ್ಯದ ಆರಂಭದಿಂದ ಒಮ್ಮೆಯೂ ಎಸೆದಿರದ ಇಪ್ಪತ್ತರ ತರುಣನ ಕೈಗೆ ಚೆಂಡು ಬಂದದ್ದು ಹೀಗೆ, ಅನಿವಾರ್ಯದಿಂದ. ಹ್ಯೂಸ್ಟನ್ ಆಸ್ಟ್ರೋಸ್ ತಂಡದ ವಿರುದ್ಧ ಒಂಬತ್ತೂ ಇನಿಂಗ್ಸ್ ತಾವೇ ಎಸೆದ ಫರ್ನಾಂಡೊ ಒಂದು ರನ್ನನ್ನೂ ಕೊಡದೆ 2–0 ಅಂತರದ ಗೆಲುವು ತಂದುಕೊಟ್ಟರು.

ಅಲ್ಲಿಂದ ಮುಂದಿನದು ಬೇಸ್‌ಬಾಲ್ ಇತಿಹಾಸದಲ್ಲೇ ಅಪರೂಪದ ಓಟ. ಮೇ 14ರ ಹೊತ್ತಿಗೆ ಎಂಟು ಪಂದ್ಯ, ಎಂಟೂ ಗೆಲುವು. ಏಳನ್ನು ಪೂರ್ತಿಯಾಗಿ ತಾವೇ ಎಸೆದಿದ್ದರು, ಐದರಲ್ಲಿ ಎದುರಾಳಿಗೆ ರನ್ನೇ ಸಿಕ್ಕಿರಲಿಲ್ಲ. 72 ಇನಿಂಗ್ಸ್‌ಗಳಲ್ಲಿ ಅವರ ಖಾತೆಗೆ ಸೇರಿದ್ದು ನಾಲ್ಕೇ ರನ್. ಉತ್ತಮ ಪಿಚರ್‌ಗಳು ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಮೂರು ರನ್ ಕೊಟ್ಟರೂ ಮೆಚ್ಚುಗೆ ಪಡೆಯುವ ಆಟದಲ್ಲಿ ಈತನ ಸರಾಸರಿ ಅರ್ಧ ರನ್ ಆಗಿತ್ತು. ಮೊದಲ ಸೋಲು ಬಂದದ್ದು ಮೇ 18ರಂದು, ಫಿಲಡೆಲ್ಫಿಯಾ ಫಿಲೀಸ್ ಎದುರು.

ಅಂಕಿಗಳಷ್ಟೇ ಜನರನ್ನು ಸೆಳೆದವೆಂದು ಹೇಳಲಾಗದು. ಎಸೆಯುವ ಮುನ್ನ ಬಲಗಾಲನ್ನು ಎತ್ತಿ, ಎರಡೂ ಕೈಗಳನ್ನು ತಲೆಯ ಮೇಲಕ್ಕೊಯ್ದು, ಒಂದು ಗಳಿಗೆ ಕಣ್ಣಾಲಿಗಳನ್ನು ಆಕಾಶದತ್ತ ತಿರುಗಿಸುವುದು ಫರ್ನಾಂಡೊ ಶೈಲಿ. ಗುರಿಯನ್ನೇ ನೋಡದೆ ಎಸೆಯುತ್ತಿದ್ದಾನೇನೋ, ದೇವರನ್ನು ಕೇಳುತ್ತಿದ್ದಾನೇನೋ ಎನಿಸುವ ಭಂಗಿ. ಕ್ರೀಡಾಪಟುವಿನ ಕಡೆದಿಟ್ಟ ಮೈಕಟ್ಟು ಇರಲಿಲ್ಲ. ತುಸು ಹೊಟ್ಟೆಯಿದ್ದ, ಮುಗುಳ್ನಗೆಯ, ನಾಚಿಕೆ ಸ್ವಭಾವದ ತರುಣ. ಕಟ್ಟಡದ ಕೆಲಸಕ್ಕೋ ಹೋಟೆಲಿನ ಅಡುಗೆಮನೆಗೋ ಹೋಗುವ ತಮ್ಮದೇ ಮನೆಯ ಹುಡುಗನನ್ನು ಲಾಸ್ ಏಂಜಲೀಸ್‌ನ ಲಕ್ಷಾಂತರ ವಲಸಿಗರು ಆತನಲ್ಲಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಅಂಥ ಹುಡುಗ ಮೈದಾನದ ಮಧ್ಯೆ ನಿಂತು ಅಮೆರಿಕದ ಘಟಾನುಘಟಿಗಳನ್ನು ಒಬ್ಬೊಬ್ಬರಾಗಿ ಮರಳಿ ಕಳುಹಿಸುತ್ತಿದ್ದ.

ಆ ವರ್ಷ ತವರಿನಲ್ಲಿ ಆತ ಎಸೆದ 12 ಪಂದ್ಯಗಳ ಪೈಕಿ 11ಕ್ಕೆ ಎಲ್ಲ ಟಿಕೆಟ್‌ಗಳೂ ಮಾರಾಟವಾದವು. ಪರ ಊರುಗಳಲ್ಲೂ ನೂಕುನುಗ್ಗಲು. ಪತ್ರಕರ್ತರ ದಂಡನ್ನು ನಿಭಾಯಿಸಲು ತಂಡ ಹೋದ ಊರಿನಲ್ಲೆಲ್ಲ ಪ್ರತ್ಯೇಕ ಪತ್ರಿಕಾಗೋಷ್ಠಿ ಏರ್ಪಡಿಸಬೇಕಾಗುತ್ತಿತ್ತು. ಜೂನ್‌ನಲ್ಲಿ ಮೆಕ್ಸಿಕೊದ ಅಧ್ಯಕ್ಷ ಹೋಸೆ ಲೋಪೆಸ್ ಪೊರ್ತಿಯೊ ವಾಷಿಂಗ್ಟನ್‌ಗೆ ಬಂದಾಗ ಅಧ್ಯಕ್ಷ ರೊನಾಲ್ಡ್ ರೇಗನ್ ಶ್ವೇತಭವನದಲ್ಲಿ ಏರ್ಪಡಿಸಿದ ಭೋಜನಕೂಟಕ್ಕೆ ಈ ಇಪ್ಪತ್ತರ ಹುಡುಗನಿಗೂ ಆಹ್ವಾನವಿತ್ತು. ಆದರೆ ಎಲ್ಲವೂ ಹೂಮಾಲೆಯೇ ಆಗಿರಲಿಲ್ಲ. ಇವನಿಗೆ ನಿಜಕ್ಕೂ ಇಪ್ಪತ್ತೇ ವರ್ಷವೇ ಎಂಬ ಶಂಕೆ ಮತ್ತೆ ಮತ್ತೆ ಎದ್ದು, ಜನನ ಪ್ರಮಾಣಪತ್ರವನ್ನು ತೋರಿಸಬೇಕಾಯಿತು. ಆತನ ತೂಕ, ಊಟ, ಭಾಷೆಗಳನ್ನು ಕುರಿತ ಹಗುರ ಮಾತುಗಳೂ ಅಂದಿನ ಪತ್ರಿಕೆಗಳಲ್ಲಿ ಧಾರಾಳವಾಗಿವೆ.

ಜೂನ್ 12ರಂದು ಆಟಗಾರರ ಮುಷ್ಕರ ಆರಂಭವಾಗಿ ಸುಮಾರು ಎರಡು ತಿಂಗಳು ಪಂದ್ಯಗಳೇ ನಡೆಯಲಿಲ್ಲ. ಋತು ಮೊಟಕಾದರೂ 13 ಗೆಲುವು, 180 ಸ್ಟ್ರೈಕ್‌ಔಟ್‌ಗಳೊಂದಿಗೆ ಫರ್ನಾಂಡೊ ನ್ಯಾಷನಲ್ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿಯನ್ನೂ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನೂ ಪಡೆದರು. ಇವೆರಡನ್ನೂ ಒಂದೇ ವರ್ಷದಲ್ಲಿ ಗಳಿಸಿದ ಬೇರೊಬ್ಬ ಆಟಗಾರ ಇಂದಿಗೂ ಇಲ್ಲ.

ಆದರೆ ಹಳೆಯ ಅಭಿಮಾನಿಗಳು ಹೆಚ್ಚಾಗಿ ನೆನೆಯುವುದು ಆತ ಚೆನ್ನಾಗಿ ಎಸೆಯದ ಒಂದು ಪಂದ್ಯವನ್ನು. ಅಕ್ಟೋಬರಿನ ವಿಶ್ವ ಸರಣಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಮೊದಲ ಎರಡು ಪಂದ್ಯಗಳನ್ನು ಡಾಡ್ಜರ್ಸ್ ಸೋತಿತ್ತು. ಅಕ್ಟೋಬರ್ 23ರಂದು ಮೂರನೆಯ ಪಂದ್ಯದಲ್ಲಿ ಫರ್ನಾಂಡೊ ಹಿಡಿತ ತಪ್ಪಿದ್ದರು. ಒಂಬತ್ತು ಹಿಟ್, ಏಳು ವಾಕ್, ಆರಂಭದಲ್ಲೇ ನಾಲ್ಕು ರನ್. ಬೇರೆ ಯಾರೇ ಆಗಿದ್ದರೂ ಹೊರಕ್ಕೆ ಕರೆಸಲಾಗುತ್ತಿತ್ತು. ತರಬೇತುದಾರ ಟಾಮಿ ಲಸೋರ್ಡಾ ಕರೆಸಲಿಲ್ಲ. ಸುಧಾರಿಸಿಕೊಂಡ ಹುಡುಗ 147 ಎಸೆತ ಎಸೆದು ಪಂದ್ಯವನ್ನು ಪೂರ್ತಿ ಮಾಡಿ 5–4ರಿಂದ ಗೆದ್ದುಕೊಟ್ಟ. ಮುಂದಿನ ಮೂರನ್ನೂ ಗೆದ್ದು ಡಾಡ್ಜರ್ಸ್ ಚಾಂಪಿಯನ್ ಆಯಿತು. ಕಷ್ಟದಲ್ಲಿ ಕೈಚೆಲ್ಲದ ಆ ಸಂಜೆಯೇ ತಮ್ಮ ಬದುಕಿಗೆ ಹತ್ತಿರವಾದದ್ದೆಂದು ದುಡಿಯುವ ಜನಕ್ಕೆ ಅನಿಸಿದ್ದರೆ ಅದು ಸಹಜವೇ.

ರೇಡಿಯೊ ಮತ್ತು ದುಭಾಷಿ

ಈ ಕಥೆಯಲ್ಲಿ ಸಾಕಷ್ಟು ಗಮನ ಸಿಗದ ಇನ್ನೊಬ್ಬ ವಲಸಿಗರಿದ್ದಾರೆ. ಈಕ್ವೆಡಾರ್‌ನಿಂದ 1955ರಲ್ಲಿ ಲಾಸ್ ಏಂಜಲೀಸ್‌ಗೆ ಬಂದ ಹೈಮೆ ಹರೀನ್, ಬರುವಾಗ ಬೇಸ್‌ಬಾಲ್ ಆಟವನ್ನೇ ಕಂಡವರಲ್ಲ. 1959ರಿಂದ ಡಾಡ್ಜರ್ಸ್ ಪಂದ್ಯಗಳ ಸ್ಪ್ಯಾನಿಷ್ ವೀಕ್ಷಕ ವಿವರಣೆ ನೀಡತೊಡಗಿದ ಅವರು 2022ರಲ್ಲಿ ನಿವೃತ್ತರಾಗುವವರೆಗೂ ಆ ಕಾಯಕ ಬಿಡಲಿಲ್ಲ. 1981ರಲ್ಲಿ ಪತ್ರಿಕಾಗೋಷ್ಠಿಗಳಲ್ಲಿ ಫರ್ನಾಂಡೊ ಪಕ್ಕ ಕುಳಿತು ದುಭಾಷಿಯಾದವರು ಇವರೇ. ಶ್ವೇತಭವನಕ್ಕೂ ಜೊತೆಯಾದರು.

ಟಿಕೆಟ್ ಕೊಳ್ಳಲಾಗದ ಮನೆಗಳಿಗೆ, ಹೊಲಿಗೆ ಕಾರ್ಖಾನೆಗಳಿಗೆ, ಹಣ್ಣಿನ ತೋಟಗಳಿಗೆ ಫರ್ನಾಂಡೊ ಎಸೆತ ತಲುಪಿದ್ದು ಹರೀನ್ ದನಿಯ ಮೂಲಕ. ಗಡಿಯಾಚೆ ಮೆಕ್ಸಿಕೊದಲ್ಲೂ ಜನ ರೇಡಿಯೊಗಳಿಗೆ ಕಿವಿಗೊಟ್ಟರು. ಇಂಗ್ಲಿಷ್ ಬಾರದ ಅಜ್ಜಿಯೂ ಅಮೆರಿಕದಲ್ಲೇ ಹುಟ್ಟಿದ ಮೊಮ್ಮಗನೂ ಒಂದೇ ಆಟವನ್ನು ಒಟ್ಟಿಗೆ ಅನುಸರಿಸಲು ಸಾಧ್ಯವಾಯಿತು. ತಂಡದೊಳಗೂ ಅದರ ಪ್ರಭಾವ ಕಾಣಿಸಿತು. ಲಸೋರ್ಡಾ ಮೊದಲೇ ಸ್ಪ್ಯಾನಿಷ್ ಬಲ್ಲವರು. ಎಸೆತ ಹಿಡಿಯುವ ಯುವ ಕ್ಯಾಚರ್ ಮೈಕ್ ಸೋಶಿಯಾ ಫರ್ನಾಂಡೊ ಜೊತೆ ಮಾತಾಡಲೆಂದೇ ಸ್ಪ್ಯಾನಿಷ್ ಕಲಿತರು. ಭಾಷೆ ಕಲಿಯುವ ಹೊಣೆ ಸದಾ ವಲಸಿಗನದೇ ಆಗಿರುವ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. 1982ರಲ್ಲಿ ಡಾಡ್ಜರ್ ಕ್ರೀಡಾಂಗಣಕ್ಕೆ 36 ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಬಂದರು. ಅದು ಆ ಕಾಲದ ದಾಖಲೆ.

ಹಳೆಯ ಗಾಯ ಮಾಯಿತೇ?

ಚಾವೆಜ್ ರವೀನ್‌ನ ಗಾಯವನ್ನು ಫರ್ನಾಂಡೊ ಮಾಯಿಸಿದರು ಎಂಬ ಮಾತು ಅಮೆರಿಕದ ಕ್ರೀಡಾ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಕೇಳಲು ಹಿತವಾದ ಮಾತು. ಆದರೆ ಅದು ಅರ್ಧ ಸತ್ಯ ಮಾತ್ರ. ಮನೆ ಕಳೆದುಕೊಂಡವರಿಗೆ ಮನೆ ಮರಳಿ ಬರಲಿಲ್ಲ. ಆ ಮೂರು ಬಡಾವಣೆಗಳ ಹಿಂದಿನ ನಿವಾಸಿಗಳು ಮತ್ತು ಅವರ ಸಂತತಿಯವರು ‘ಲೋಸ್ ದೆಸ್ತೆರ್ರಾದೋಸ್’, ಎಂದರೆ ಬೇರು ಕಿತ್ತವರು, ಎಂಬ ಹೆಸರಿನಲ್ಲಿ ಕ್ರೀಡಾಂಗಣದ ಪಕ್ಕದ ಉದ್ಯಾನದಲ್ಲಿ ವರ್ಷಕ್ಕೊಮ್ಮೆ ಕೂಡುವ ಪದ್ಧತಿ ಬೆಳೆದು ಬಂದಿದೆ. ಆ ಕುಟುಂಬಗಳಿಗೆ ಪರಿಹಾರ ಒದಗಿಸುವ ಮಾರ್ಗ ಹುಡುಕಲೆಂದು 2024ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆಯ ಮುಂದೆ ಬಂದ ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಲಿಲ್ಲ.

ನಡೆದದ್ದು ಬೇರೊಂದು ಬಗೆಯದು. ಫರ್ನಾಂಡೊ ಹಳೆಯ ಅನ್ಯಾಯವನ್ನು ಅಳಿಸಲಿಲ್ಲ, ಮುಂದಿನ ಪೀಳಿಗೆಗೆ ಆ ಗುಡ್ಡವನ್ನು ಹತ್ತಲು ತನ್ನದೇ ಆದ ಒಂದು ಕಾರಣ ಒದಗಿಸಿದರು. ಅಜ್ಜ ಕಾಲಿಡಲೊಪ್ಪದ ಕ್ರೀಡಾಂಗಣಕ್ಕೆ ಮಗ ಬಂದ, ಮೊಮ್ಮಗಳು 34ರ ಅಂಗಿ ತೊಟ್ಟು ಬಂದಳು. ಮನೆಯೊಳಗೇ ಎರಡು ನೆನಪುಗಳು ಒಟ್ಟಿಗೆ ಬಾಳುವ ಸ್ಥಿತಿ ಅದು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ಫರ್ನಾಂಡೊ ಈ ಕುರಿತು ಭಾಷಣ ಮಾಡಿದವರಲ್ಲ. ಜನಾಂಗದ ಪ್ರತಿನಿಧಿ ಎಂಬ ಪಟ್ಟವನ್ನು ಅವರು ಬಯಸಿ ಪಡೆಯಲಿಲ್ಲ, ಬಂದದ್ದನ್ನು ಅಲ್ಲಗಳೆಯಲೂ ಇಲ್ಲ. ಆದರೆ ಹಣದ ವಿಷಯದಲ್ಲಿ ಅವರು ಮೌನಿಯಾಗಿರಲಿಲ್ಲ. 1982ರಲ್ಲಿ ಸಂಬಳ ಸಾಲದೆಂದು ತರಬೇತಿ ಶಿಬಿರಕ್ಕೆ ಬರಲು ನಿರಾಕರಿಸಿದರು. 1983ರಲ್ಲಿ ಮಧ್ಯಸ್ಥಿಕೆಯ ಮೂಲಕ 10 ಲಕ್ಷ ಡಾಲರ್ ಸಂಬಳ ಪಡೆದ ಮೊದಲ ಬೇಸ್‌ಬಾಲ್ ಆಟಗಾರರಾದರು. ಸಿಕ್ಕಿದ್ದಕ್ಕೆ ಕೃತಜ್ಞನಾಗಿರಬೇಕಾದ ವಲಸಿಗ ಎಂಬ ನಿರೀಕ್ಷೆಗೆ ಅದು ನೇರ ಉತ್ತರವಾಗಿತ್ತು.

ತೋಳು ಸೋತ ಮೇಲೆ

1982ರಿಂದ 1987ರವರೆಗೆ ಆರು ವರ್ಷವೂ ಅವರು 250ಕ್ಕೂ ಹೆಚ್ಚು ಇನಿಂಗ್ಸ್ ಎಸೆದರು. ಇಂದಿನ ಪಿಚರ್‌ಗಳು 200 ಮುಟ್ಟಿದರೆ ದೊಡ್ಡದು. 1986ರಲ್ಲಿ 21 ಗೆಲುವು ಬಂದವು. ಅದೇ ವರ್ಷದ ಆಲ್ ಸ್ಟಾರ್ ಪಂದ್ಯದಲ್ಲಿ ಸತತ ಐವರನ್ನು ಸ್ಟ್ರೈಕ್‌ಔಟ್ ಮಾಡಿ 1934ರ ಕಾರ್ಲ್ ಹಬೆಲ್ ದಾಖಲೆಯನ್ನು ಸರಿಗಟ್ಟಿದರು. ಹಬೆಲ್ ಕೂಡ ಸ್ಕ್ರೂಬಾಲ್‌ಗೆ ಹೆಸರಾದವರೇ. 1988ರಲ್ಲಿ ಭುಜ ಕೈಕೊಟ್ಟಿತು. ಆ ವರ್ಷ ತಂಡ ಮತ್ತೆ ವಿಶ್ವ ಸರಣಿ ಗೆದ್ದಾಗ ಅವರು ಹೊರಗೆ ಕುಳಿತು ನೋಡಬೇಕಾಯಿತು. ಆ ತೋಳನ್ನು ಅತಿಯಾಗಿ ದುಡಿಸಲಾಯಿತೆಂಬ ಟೀಕೆಯಲ್ಲಿ ಹುರುಳಿದೆ.

1990ರ ಜೂನ್ 29ರಂದು ಹಳೆಯ ಬೆಳಕು ಮತ್ತೊಮ್ಮೆ ಹೊಳೆಯಿತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ವಿರುದ್ಧ ಒಂದೂ ಹಿಟ್ ನೀಡದೆ ಪಂದ್ಯ ಮುಗಿಸಿದರು. ಆದರೆ 1991ರ ಮಾರ್ಚ್ 28ರಂದು, ಋತು ಆರಂಭಕ್ಕೆ ಕೆಲವೇ ದಿನಗಳಿರುವಾಗ, ಆ ವರ್ಷದ ಪೂರ್ಣ ಸಂಬಳ ಖಾತರಿಯಾಗುವ ಮುನ್ನವೇ ಡಾಡ್ಜರ್ಸ್ ಅವರನ್ನು ಕೈಬಿಟ್ಟಿತು. ವ್ಯವಹಾರದ ದೃಷ್ಟಿಯಿಂದ ಸಮರ್ಥಿಸಬಹುದಾದ ನಿರ್ಧಾರವಿರಬಹುದು. ಅದನ್ನು ಮಾಡಿದ ರೀತಿಯನ್ನು ಮಾತ್ರ ಅಭಿಮಾನಿಗಳು ಬಹುಕಾಲ ಕ್ಷಮಿಸಲಿಲ್ಲ. ಫರ್ನಾಂಡೊ ಕೂಡ ವರ್ಷಗಟ್ಟಲೆ ತಂಡದಿಂದ ದೂರವೇ ಉಳಿದರು.

ಆ ಬಳಿಕ 1997ರವರೆಗೆ ಐದು ತಂಡಗಳಿಗೆ ಆಡಿದರು. 1996ರ ಆಗಸ್ಟ್ 16ರಂದು ಮೆಕ್ಸಿಕೊದ ಮೊಂಟೆರ್ರೆಯಲ್ಲಿ ಅಮೆರಿಕ ಮತ್ತು ಕೆನಡಾದಾಚೆಗಿನ ಮೊತ್ತಮೊದಲ ಮೇಜರ್ ಲೀಗ್ ಪಂದ್ಯ ನಡೆದಾಗ ಸ್ಯಾನ್ ಡೀಗೊ ಪಾಡ್ರೆಸ್ ಪರ ಎಸೆದು ಗೆದ್ದವರು ಅವರೇ. ಒಟ್ಟು 173 ಗೆಲುವು, 2,074 ಸ್ಟ್ರೈಕ್‌ಔಟ್. 2003ರಲ್ಲಿ ಮುನಿಸು ಕರಗಿ ಡಾಡ್ಜರ್ಸ್‌ನ ಸ್ಪ್ಯಾನಿಷ್ ಪ್ರಸಾರ ತಂಡವನ್ನು ಸೇರಿದರು. ಒಂದು ಕಾಲಕ್ಕೆ ತಮ್ಮ ಮಾತಿಗೆ ದನಿಯಾಗಿದ್ದ ಹರೀನ್ ಅವರೊಂದಿಗೇ ಕುಳಿತು ಕೆಲಸ ಮಾಡಿದರು. 2015ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಪೌರತ್ವದ ಪ್ರಮಾಣವಚನ ಸ್ವೀಕರಿಸಿದರು.

34 ಎಂಬ ಸಂಖ್ಯೆ

ಖ್ಯಾತ ಆಟಗಾರರ ಅಂಗಿಯ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡದೆ ನಿವೃತ್ತಗೊಳಿಸುವುದು ಬೇಸ್‌ಬಾಲ್ ಸಂಪ್ರದಾಯ. ಡಾಡ್ಜರ್ಸ್ ತಂಡದಲ್ಲಿ ಆ ಗೌರವ ಹಾಲ್ ಆಫ್ ಫೇಮ್ ಸೇರಿದವರಿಗೆ ಮಾತ್ರ ಮೀಸಲಾಗಿತ್ತು. 1978ರಲ್ಲಿ ತೀರಿಕೊಂಡ ಜಿಮ್ ಗಿಲಿಯಮ್ ಒಬ್ಬರೇ ಅಪವಾದ. ಹೀಗಾಗಿ 34ಕ್ಕೆ ಅಧಿಕೃತ ಗೌರವ ಸಿಗಲಿಲ್ಲ. ಆದರೆ ಫರ್ನಾಂಡೊ ಹೋದ ಮೇಲೆ ತಂಡದ ಉಡುಪಿನ ಉಸ್ತುವಾರಿ ಹೊತ್ತವರು ಆ ಸಂಖ್ಯೆಯ ಅಂಗಿಯನ್ನು ಯಾರಿಗೂ ಕೊಡಲಿಲ್ಲ. ಲಿಖಿತ ಆದೇಶವಿಲ್ಲದ ಈ ನಿಯಮ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಮೈದಾನದಲ್ಲಿ ಕಾಣದ ಸಂಖ್ಯೆ ಗ್ಯಾಲರಿಯಲ್ಲಿ ಮಾತ್ರ ಎಲ್ಲೆಲ್ಲೂ ಕಾಣುತ್ತಿತ್ತು. ಅವರ ಆಟವನ್ನು ಒಮ್ಮೆಯೂ ನೋಡಿರದ ಮಕ್ಕಳು ಅದನ್ನು ತೊಡುತ್ತಿದ್ದರು. ಕೊನೆಗೆ ತಂಡ ತನ್ನ ಕಟ್ಟಳೆಯನ್ನು ಸಡಿಲಿಸಿ 2023ರ ಆಗಸ್ಟ್ 11ರಂದು 34ನ್ನು ವಿಧ್ಯುಕ್ತವಾಗಿ ನಿವೃತ್ತಗೊಳಿಸಿತು. ಅಭಿಮಾನಿಗಳು ಎಂದೋ ಕೊಟ್ಟ ತೀರ್ಪಿಗೆ ತಂಡ ಹಾಕಿದ ಮೊಹರು ಅದು ಎನ್ನಬಹುದು.

2024ರ ಅಕ್ಟೋಬರ್ 22ರಂದು, 63ನೇ ವಯಸ್ಸಿನಲ್ಲಿ ಫರ್ನಾಂಡೊ ನಿಧನರಾದರು. ಮೂರು ದಿನಗಳ ಬಳಿಕ ಆರಂಭವಾಗಬೇಕಿದ್ದ ವಿಶ್ವ ಸರಣಿಯಲ್ಲಿ ಡಾಡ್ಜರ್ಸ್ ಮತ್ತು ಯಾಂಕೀಸ್ 1981ರ ನಂತರ ಮೊದಲ ಬಾರಿಗೆ ಎದುರಾಗಿದ್ದವು. ಕ್ರೀಡಾಂಗಣದ ಬಾಗಿಲಲ್ಲಿ ಹೂವು, ಮೇಣದಬತ್ತಿ, ಅಂಗಿಗಳ ರಾಶಿ ಬೆಳೆಯಿತು. ಮೊದಲ ಪಂದ್ಯಕ್ಕೆ ಮುನ್ನ ಗಣ್ಯರಿಂದ ಮೊದಲ ಎಸೆತ ಮಾಡಿಸುವ ರೂಢಿಯನ್ನು ಬಿಟ್ಟು, ಹಳೆಯ ಸಹ ಆಟಗಾರರಾದ ಓರೆಲ್ ಹರ್ಶೈಸರ್ ಮತ್ತು ಸ್ಟೀವ್ ಯೇಗರ್ ಪಿಚರ್ ನಿಲ್ಲುವ ದಿಬ್ಬದ ಮೇಲೆ ಚೆಂಡೊಂದನ್ನು ಇಟ್ಟು ಬಂದರು. ತೋಳಿನಲ್ಲಿ 34ರ ಗುರುತು ಧರಿಸಿ ಆಡಿದ ಡಾಡ್ಜರ್ಸ್ ಸರಣಿಯನ್ನು 4–1ರಿಂದ ಗೆದ್ದಿತು. ವಿಜಯೋತ್ಸವದ ಮೆರವಣಿಗೆ ನಡೆದದ್ದು ನವೆಂಬರ್ 1ರಂದು, ಫರ್ನಾಂಡೊ ಬದುಕಿದ್ದರೆ 64 ತುಂಬುತ್ತಿದ್ದ ದಿನ.

ಅಭಿಮಾನಿಗಳೊಡನೆ ಬೆಸೆದ ಈ ನಂಟು ತಂಡಕ್ಕೆ ಹೊಣೆಯನ್ನೂ ತಂದಿದೆ. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೇಂದ್ರ ಸರ್ಕಾರ ವಲಸಿಗರ ವಿರುದ್ಧ ವ್ಯಾಪಕ ದಾಳಿ ನಡೆಸಿದಾಗ ಡಾಡ್ಜರ್ಸ್ ಮೊದಲಿಗೆ ಮೌನ ವಹಿಸಿತು. ನಮ್ಮ ಹಣ ಬೇಕು, ನಮ್ಮ ಕಷ್ಟ ಬೇಡವೇ ಎಂಬ ಧಾಟಿಯ ಪ್ರಶ್ನೆಗಳು ಲ್ಯಾಟಿನೊ ಅಭಿಮಾನಿಗಳಿಂದ ಎದ್ದವು. ಜೂನ್ 19ರಂದು ಕೇಂದ್ರದ ಅಧಿಕಾರಿಗಳು ಕ್ರೀಡಾಂಗಣದ ಆವರಣಕ್ಕೆ ಬರಲೆತ್ನಿಸಿದಾಗ ತಾನು ಪ್ರವೇಶ ನಿರಾಕರಿಸಿದ್ದಾಗಿ ತಂಡ ತಿಳಿಸಿತು. ಮರುದಿನ ಸಂತ್ರಸ್ತ ವಲಸಿಗ ಕುಟುಂಬಗಳ ನೆರವಿಗೆ 10 ಲಕ್ಷ ಡಾಲರ್ ಘೋಷಿಸಿತು. ಅದು ಸಾಲದೆಂದವರೂ, ತಡವಾಯಿತೆಂದವರೂ ಇದ್ದರು. 1981ಕ್ಕೆ ಮುನ್ನ ಇಂಥ ಪ್ರಶ್ನೆ ಕೇಳುವವರು ಆ ಗ್ಯಾಲರಿಯಲ್ಲಿ ಎಷ್ಟು ಮಂದಿಯಿದ್ದರು ಎಂಬುದು ಯೋಚಿಸತಕ್ಕದ್ದು.

ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಮಾತ್ರ ಫರ್ನಾಂಡೊಗೆ ಇನ್ನೂ ಒಲಿದಿಲ್ಲ. ಪತ್ರಕರ್ತರ ಮತದಾನದಲ್ಲಿ 2004ರಲ್ಲಿ ಶೇ 5ಕ್ಕಿಂತ ಕಡಿಮೆ ಮತ ಬಂದು ಅವರ ಹೆಸರು ಪಟ್ಟಿಯಿಂದ ಹೊರಬಿತ್ತು. 2025ರ ಡಿಸೆಂಬರಿನಲ್ಲಿ ವಿಶೇಷ ಸಮಿತಿಯೊಂದರ ಮುಂದೆ ಮತ್ತೆ ಬಂದಾಗಲೂ ಆಯ್ಕೆಯಾಗಲಿಲ್ಲ. ಮೆಕ್ಸಿಕನ್ ಲೀಗ್ 2019ರಲ್ಲೇ 34ನ್ನು ನಿವೃತ್ತಗೊಳಿಸಿದ್ದು, ಅಲ್ಲಿನ ಯಾವ ತಂಡದ ಆಟಗಾರನಿಗೂ ಆ ಸಂಖ್ಯೆ ಸಿಗುವುದಿಲ್ಲ.